ಮುಂದೆ ಹಾಕಿದ ಮಾತು

ಶಿರಸಿ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಊರಿನ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರಬಹುದು. ನಿನ್ನ ಪತ್ರದ ಕೊನೆಯ ಸಾಲುಗಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮೀಟಿಂಗು ‘ಪುಟ್ ಆಫ್’ ಆಗಿದೆ ಎಂದದ್ದನ್ನು ನೀನು ರದ್ದಾಗಿದೆಯೆಂದು ತಿಳಿದೆ, ಸೋಮವಾರ ಎಲ್ಲರೂ ಸೇರಿದಾಗ ಬರಿಗೈಯಲ್ಲಿ ನಿಂತೆ, ಯಾರೋ ನಕ್ಕರು. ಅಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ‘ಇನ್ನು ಆಫೀಸಿನಲ್ಲಿ ಬಾಯಿ ತೆರೆಯುವುದಿಲ್ಲ’ ಎಂದು ಬರೆದಿದ್ದೀಯಲ್ಲ, ಆ ಸಾಲು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು.

ಅದೇ ಮಾತಿನಲ್ಲಿ ನಾನೂ ಎಡವಿದವನು. ಪದವಿ ಮುಗಿಸಿದ ವರ್ಷ ಕಾರವಾರದ ಕಚೇರಿಯೊಂದರ ಸಂದರ್ಶನಕ್ಕೆಂದು ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಬಸ್ಸು ಬದಲಿಸಿ ಹೋಗಿದ್ದೆ. ‘ಇಂಟರ್‌ವ್ಯೂ ಈಸ್ ಪುಟ್ ಆಫ್’ ಎಂದರು. ದೀಪ ಆಫ್ ಆದ ಹಾಗೆ ಇದೂ ಆರಿತೆಂದುಕೊಂಡು ‘ವೈ ಆಫ್, ಸರ್?’ ಎಂದು ಕೇಳಿದೆ. ಅವರು ನಕ್ಕರು, ಪಕ್ಕದ ಮೇಜಿನವರೂ ನಕ್ಕರು. ಮತ್ತೆ ಕೇಳುವ ಧೈರ್ಯವಾಗದೆ ಸಂಜೆಯ ಬಸ್ಸು ಹತ್ತಿದೆ. ಸಂದರ್ಶನ ಎಂಟು ದಿನ ಮುಂದೆ ಹೋಗಿತ್ತಷ್ಟೇ ಎಂಬುದು, ಅಲ್ಲಿಗೆ ಬಂದಿದ್ದ ಸಹಪಾಠಿಗೆ ಕೆಲಸ ಸಿಕ್ಕಿದ ಮೇಲೆ ನನಗೆ ತಿಳಿಯಿತು.

ವ್ಯಾಕರಣ ಹೇಳಲು ನಾನು ಮೇಷ್ಟ್ರಲ್ಲ. ಆದರೂ ತಡವಾಗಿ ಕಲಿತದ್ದನ್ನು ಹೇಳುತ್ತೇನೆ. ‘ಪುಟ್’, ‘ಆಫ್’ ಎಂದು ಬಿಡಿಸಿ ನೋಡಿದರೆ ಅದರ ಅರ್ಥ ಸಿಗುವುದಿಲ್ಲ. ನಮ್ಮಲ್ಲಿ ‘ಕೈಕೊಟ್ಟ’ ಎಂದಾಗ ಯಾರೂ ಕೈ ಚಾಚಿರುವುದಿಲ್ಲವಲ್ಲ, ಹಾಗೆ. ನಮ್ಮ ‘ಮುಂದೆ ಹಾಕು’ ಅದಕ್ಕೆ ತೀರ ಹತ್ತಿರ. ಮಳೆ ಬಂದು ಯಕ್ಷಗಾನದ ಆಟ ಮುಂದಿನ ಶನಿವಾರಕ್ಕೆ ಹೋದರೆ ‘ಪುಟ್ ಆಫ್’, ಆಟವೇ ಇಲ್ಲವೆಂದಾದರೆ ‘ಕಾಲ್ ಆಫ್’. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವುದನ್ನು ಮುಂದೆ ಹಾಕಿದೆವು ಎನ್ನಲು ‘ಪುಟ್ ಆಫ್ ಸ್ಪ್ರೇಯಿಂಗ್’ ಎನ್ನಬೇಕು, ‘ಟು ಸ್ಪ್ರೇ’ ಅಲ್ಲ. ‘ಇಟ್’ ಬಂದರೆ ಅದು ನಡುವೆ ಕೂರುತ್ತದೆ: ‘ಪುಟ್ ಇಟ್ ಆಫ್’.

ನನ್ನನ್ನು ಕಾಡುವುದು ಅದರ ಇನ್ನೊಂದು ಅರ್ಥ. ‘ಹಿಸ್ ಲಾಫ್ ಪುಟ್ ಮಿ ಆಫ್’ ಎಂದರೆ ಆ ನಗುವಿಗೆ ನನ್ನ ಮನಸ್ಸು ಹಿಂಜರಿಯಿತು ಎಂದು. ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಇಂಗ್ಲಿಷ್ ಕಾಗದ ಬಂದರೆ ಪಕ್ಕದವರ ಮೇಜಿಗೆ ಸರಿಸುತ್ತಿದ್ದೆ. ಮುಂದಿನ ವರ್ಷದಿಂದ ಕಲಿತೇನು ಎನ್ನುತ್ತ ನಿವೃತ್ತಿಯ ತನಕ ಬಂದೆ. ನಕ್ಕವರು ಸಂಜೆಯೊಳಗೆ ಮರೆತಿರಬೇಕು. ನಾನು ಮಾತ್ರ ಆ ನಗುವನ್ನು ಮನೆಗೆ ತಂದು ಇಟ್ಟುಕೊಂಡೆ. ನಿನ್ನ ಬಾಯಿಯೂ ಹಾಗೆ ಮುಚ್ಚಿಕೊಂಡೀತೆಂಬ ಭಯ ನನಗೆ.

ಅಂದು ‘ಟಿಲ್ ವಿಚ್ ಡೇಟ್, ಸರ್?’ ಎಂದಿದ್ದರೆ ಸಾಕಿತ್ತು. ನೀನೂ ದಿನಾಂಕ ಕೇಳಿ ಬರೆದುಕೋ. ಇಷ್ಟನ್ನು ಹೇಳಲು ಇಷ್ಟುದ್ದ ಬರೆದೆನೆಂದು ಬೇಸರಿಸಬೇಡ. ಬರುವ ಮೀಟಿಂಗಿನಲ್ಲಿ ತಪ್ಪಾದರೂ ಸರಿ, ಒಂದು ಪ್ರಶ್ನೆ ಕೇಳು. ಏನು ಕೇಳಿದೆಯೆಂದು ನನಗೆ ಬರೆ. ಯಾರಾದರೂ ನಕ್ಕರೆ ಅದನ್ನೂ ಬರೆ.

ಇತಿ,
ನಿನ್ನ ದೊಡ್ಡಪ್ಪ