ಭೂಮಿ ಹುಣ್ಣಿಮೆಗೆ ಬರುವ ಮಗಳಿಗೆ

ಪುಟ್ಟಿ,

ಈ ಪತ್ರ ಸೋಮವಾರ ಶುರು ಮಾಡಿದ್ದು. ಒಂದು ಸಲಕ್ಕೆ ಅರ್ಧ ಪುಟ ಬರೆಯುತ್ತೇನೆ, ಕಣ್ಣು ಮುಚ್ಚಿ ಮಲಗುತ್ತೇನೆ, ಮತ್ತೆ ಎದ್ದಾಗ ಮುಂದುವರಿಸುತ್ತೇನೆ. ಅಕ್ಷರ ಒಂದೊಂದು ಕಡೆ ಒಂದೊಂದು ಥರ ಕಂಡರೆ ಗಾಬರಿಯಾಗಬೇಡ.

ಮೊನ್ನೆ ಫೋನಿನಲ್ಲಿ ನೀನು, "ಅಮ್ಮಾ, ಧ್ವನಿ ಎಷ್ಟು ಚೆನ್ನಾಗಿದೆ ಈಗ! ಈ ಸಲ ಹಬ್ಬಕ್ಕೆ ಇಬ್ಬರೂ ಸೇರಿ ಬುಟ್ಟಿಗೆ ಚಿತ್ತಾರ ಬರೆಯೋಣ, ಬೆಳಗಿನ ಜಾವ ನಿನ್ನನ್ನೂ ಗದ್ದೆಗೆ ಕರ್ಕೊಂಡು ಹೋಗ್ತೀನಿ" ಅಂದೆ. ನಾನು ಹೂಂ ಅಂದುಬಿಟ್ಟೆ. ನಿನ್ನ ಖುಷಿ ಕೆಡಿಸಲು ಮನಸ್ಸು ಬರಲಿಲ್ಲ. ಆದರೆ ಆ ಹೂಂ ಉಳಿಸಿಕೊಳ್ಳಲು ಹೊರಟರೆ ಮುಂದೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತಿದೆ, ನಿನಗೆ ಗೊತ್ತಿಲ್ಲ. ಅದು ನಿನ್ನ ತಪ್ಪಲ್ಲ. ನನ್ನ ಈ ಬಿಡದ ಸುಸ್ತಿನ ಕಾಯಿಲೆ, ಕ್ರಾನಿಕ್ ಫಟೀಗ್ ಸಿಂಡ್ರೋಮ್ ಬಗ್ಗೆ ನಾನೇ ಪೂರ್ತಿ ಹೇಳಿಲ್ಲ.

ನನಗೆ ಡೆಂಗಿ ಬಂದು ಹೋದ ವರ್ಷದ ಭೂಮಿ ಹುಣ್ಣಿಮೆ ನೆನಪಿದೆಯಾ? ಆಷಾಢದಲ್ಲಿ ಜ್ವರ ಬಿಟ್ಟಿತ್ತು, ಪ್ಲೇಟ್‌ಲೆಟ್ ಏರಿತ್ತು, ಎಲ್ಲರೂ ಸದ್ಯ ಗೆದ್ದಳು ಅಂದರು. ಸುಸ್ತು ಮಾತ್ರ ಬಿಡಲಿಲ್ಲ. ಹಬ್ಬದ ಹಿಂದಿನ ದಿನ ಎದ್ದಾಗ ಮೈ ಹಗುರವಾಗಿತ್ತು. ಎಷ್ಟೋ ದಿನಗಳ ಮೇಲೆ ಹಾಗೆ ಅನ್ನಿಸಿದ್ದು. ಬೇಲಿಸಾಲು ಸುತ್ತಿ ಬೆರಕೆ ಸೊಪ್ಪು ಕಿತ್ತೆ, ಹೆಚ್ಚಿದೆ, ಕೊಟ್ಟೆ ಕಡುಬಿಗೆ ರುಬ್ಬಿದೆ, ಅಮಟೆಕಾಯಿ ಬೇಯಿಸಿದೆ. ರಾತ್ರಿಯಿಡೀ ಒಲೆ ಮುಂದೆ ಕೂತು ಎದ್ದು ಮಾಡಿದೆ. ಬೆಳಕು ಹರಿಯುವ ಮೊದಲು ಅಪ್ಪ ಭೂಮಿತಾಯಿಗೆ ಬಡಿಸುವ ಅಡುಗೆ ತುಂಬಿದ ಭೂಮಣ್ಣಿ ಬುಟ್ಟಿ ಹೊತ್ತು ಹೊರಟಾಗ, ನೀನು ಟಾರ್ಚ್ ಹಿಡಿದು ಮುಂದೆ, ನಾನು ಹಿಂದೆ. ಹೊಡೆ ತುಂಬಿದ ಭತ್ತದ ಮೇಲೆ ಆ ಅಡುಗೆಯ ಚರಗ ಬೀರುವಾಗ ನಾನೂ ದನಿಗೂಡಿಸಿದ್ದೆ.

ಮರುದಿನವೂ ಏನೂ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ತಂಬಿಗೆ ನೀರು ಎತ್ತಲು ಕೈಯಲ್ಲಿ ಬಲವಿರಲಿಲ್ಲ. ಜಡೆ ಹೆಣೆಯಲು ಕೈ ಮೇಲೆತ್ತಿದರೆ ತೋಳು ಉರಿಯುತ್ತಿತ್ತು. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಪಕ್ಕದ ಮನೆಯ ಅಡಿಕೆ ಸುಲಿಯುವ ಮೆಷಿನ್ ನನ್ನ ತಲೆಯೊಳಗೇ ಓಡಿದಂತಾಗುತ್ತಿತ್ತು. ಮಾತಾಡಲು ಹೋದರೆ ಮಾತು ಸಿಗುತ್ತಿರಲಿಲ್ಲ. ಸೌಟು ಬೇಕು ಅನ್ನಲು "ಅದು, ಆ ಉದ್ದದ್ದು" ಅಂದಿದ್ದೆ. ದೊಡ್ಡಹಬ್ಬ ದೀಪಾವಳಿ ಬಂದು ಹೋಗುವವರೆಗೂ ಮಂಚ ಬಿಟ್ಟು ಏಳಲಿಲ್ಲ. ಬಂದವರೆಲ್ಲ ಒಂದೇ ಕೇಳುತ್ತಿದ್ದರು: ಹಬ್ಬದ ರಾತ್ರಿಯಿಡೀ ಅಡುಗೆ ಮಾಡಿದವಳಿಗೆ ಈಗ ಇದ್ದಕ್ಕಿದ್ದಂತೆ ಎಂತ ಆಯ್ತು? ಅವರ ಮೇಲೆ ನನಗೆ ಸಿಟ್ಟಿಲ್ಲ. ನನಗೇ ಅದು ಅರ್ಥವಾಗಿರಲಿಲ್ಲ.

ಈ ಕಾಯಿಲೆ ಇರುವುದೇ ಹಾಗೆ. ಮಾಡಿದ ಕೆಲಸದ ಲೆಕ್ಕ ಅವತ್ತೇ ಕೇಳುವುದಿಲ್ಲ. ಸಾಮಾನ್ಯವಾಗಿ 12ರಿಂದ 48 ಗಂಟೆ ಬಿಟ್ಟು ಬರುತ್ತದೆ, ಬಂದರೆ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಮಲಗಿಸುತ್ತದೆ. ಡಾಕ್ಟರು ಅದಕ್ಕೆ ಪೋಸ್ಟ್ ಎಕ್ಸರ್ಷನಲ್ ಮಲೇಸ್, ಅಂದರೆ ದಣಿದ ಮೇಲೆ ಬರುವ ಕುಸಿತ ಅನ್ನುತ್ತಾರೆ. ಮೈ ದಣಿಸಿದರೆ ಮಾತ್ರವಲ್ಲ, ಬಹಳ ಮಾತಾಡಿದರೂ, ಲೆಕ್ಕ ಬರೆದರೂ, ಅತ್ತರೂ ಬರುತ್ತದೆ. ಒಳ್ಳೇ ನಿದ್ದೆ ಮಾಡಿದರೆ ಸರಿಹೋಗುವ ಸುಸ್ತಲ್ಲ. ಹತ್ತು ಗಂಟೆ ಮಲಗಿ ಎದ್ದರೂ ರಾತ್ರಿಯಿಡೀ ಗದ್ದೆ ಕೆಲಸ ಮಾಡಿದ ಹಾಗೇ ಇರುತ್ತದೆ.

ಆಮೇಲಿನದ್ದು ನೀನು ಹಾಸ್ಟೆಲಿಗೆ ಹೋದ ಮೇಲಿನ ಕಥೆ, ಅದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ಥೈರಾಯ್ಡ್, ಶುಗರ್, ಹಿಮೋಗ್ಲೋಬಿನ್, ಬಿ12 ಎಲ್ಲ ಸರಿಯಾಗಿವೆ ಅಂತ ರಿಪೋರ್ಟ್ ಬಂತು. ಒಬ್ಬ ಡಾಕ್ಟರು ಹಾಳೆ ಮಡಚಿ ಕೈಗೆ ಕೊಟ್ಟು, ಮೈಯಲ್ಲಿ ಏನೂ ಇಲ್ಲ, ದಿನಾ 10 ನಿಮಿಷ ನಡೆಯಿರಿ, ವಾರಕ್ಕೆ 5 ನಿಮಿಷ ಜಾಸ್ತಿ ಮಾಡಿ, ಸುಸ್ತಾದರೂ ನಿಲ್ಲಿಸಬೇಡಿ ಅಂದರು. ನಾನು ಹಟದಿಂದ ನಡೆದೆ. ತೋಟದ ಉಣುಗೋಲಿನವರೆಗೆ, ಆಮೇಲೆ ಕೆರೆ ಏರಿಯವರೆಗೆ. ನಾಲ್ಕನೇ ವಾರಕ್ಕೆ ಮಂಚ ಹಿಡಿದವಳು ಎರಡು ತಿಂಗಳು ಏಳಲಿಲ್ಲ. ನೀನು ಫೋನ್ ಮಾಡಿದಾಗೆಲ್ಲ ಅಪ್ಪ "ಅಮ್ಮ ತೋಟಕ್ಕೆ ಹೋಗಿದ್ದಾಳೆ" ಅಂದದ್ದು ನಾನು ಹೇಳಿಕೊಟ್ಟ ಸುಳ್ಳು. ಅದನ್ನು ಕ್ಷಮಿಸು.

ಕೊನೆಗೆ ಶಿವಮೊಗ್ಗದ ಇನ್ನೊಬ್ಬ ಡಾಕ್ಟರು ಗಂಟೆಗಟ್ಟಲೆ ಕೇಳಿ ಬರೆದುಕೊಂಡರು. ನನ್ನನ್ನು ಮಲಗಿಸಿ ನಾಡಿ ನೋಡಿದರು: 74. ಗೋಡೆಗೆ ಒರಗಿಸಿ ನಿಲ್ಲಿಸಿ ಪ್ರತಿ ನಿಮಿಷ ನೋಡಿದರು. ಹತ್ತನೇ ನಿಮಿಷಕ್ಕೆ 112. ಪಾದ ನೇರಳೆ ಬಣ್ಣಕ್ಕೆ ತಿರುಗಿತ್ತು. ದೊಡ್ಡವರಿಗೆ ನಿಂತ 10 ನಿಮಿಷದೊಳಗೆ 30ಕ್ಕಿಂತ ಹೆಚ್ಚು ಏರಿ, ಬಿಪಿ ಬೀಳದೆ ಇದ್ದರೆ ಅದು ಪಾಟ್ಸ್ ಅನ್ನುವ ತೊಂದರೆ, ನಿಮ್ಮ ಮೂಲ ಕಾಯಿಲೆಯ ಜೊತೆಗೆ ಬಂದದ್ದು ಅಂದರು. ಮೂಲ ಕಾಯಿಲೆಗೆ ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್, ಇನ್ನೊಂದು ಹೆಸರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅಂತ ಬರೆದುಕೊಟ್ಟರು. ಪುಟ್ಟಿ, ಅವತ್ತು ಬಸ್ಸಿನಲ್ಲಿ ಅತ್ತದ್ದು ದುಃಖಕ್ಕಲ್ಲ. ನನ್ನ ಕಾಯಿಲೆಗೆ ಒಂದು ಹೆಸರಿದೆ ಅನ್ನುವ ಸಮಾಧಾನಕ್ಕೆ.

ನಿನ್ನ ಗೆಳತಿಯರಿಗೆ ಹೇಗೆ ಹೇಳುವುದು ಅಂತ ಕೇಳಿದ್ದೆಯಲ್ಲ, ಇಷ್ಟು ಹೇಳು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 1969ರಲ್ಲೇ ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಎಷ್ಟೋ ಜನರಿಗೆ ಯಾವುದೋ ಸೋಂಕಿನ ಮೇಲೆ ಶುರುವಾಗುತ್ತದೆ, ಕೋವಿಡ್ ಬಂದು ಹೋದ ಕೆಲವರಿಗೂ ಹೀಗೇ ಆಗಿದೆ. ರಕ್ತ ಪರೀಕ್ಷೆಯಲ್ಲಿ ಹಿಡಿಯಲು ಆಗುವುದಿಲ್ಲ, ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ನನಗೆ ಮಾಡಿಸಿದ ಆ ಹೆಚ್ಚಿಸುತ್ತಾ ಹೋಗುವ ವ್ಯಾಯಾಮವನ್ನು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆಯೂ 2007ರಲ್ಲಿ ಶಿಫಾರಸು ಮಾಡಿತ್ತು, 2021ರಲ್ಲಿ ಅದನ್ನು ಕೊಡಬೇಡಿ ಅಂತ ತಿದ್ದಿತು. ನಡೆಯಲಾರೆ ಅಂದದ್ದು ನನ್ನ ಸೋಮಾರಿತನ ಅಲ್ಲ ಅಂತ ಅವತ್ತು ಶಿವಮೊಗ್ಗದ ಡಾಕ್ಟರು ಇದನ್ನೇ ತೋರಿಸಿ ಹೇಳಿದರು.

ಈಗ ಬಚ್ಚಲ ವಿಷಯ. ಹೋದ ವರ್ಷ ನರಕ ಚತುರ್ದಶಿಗೆ ನಾನು ಬಿದ್ದದ್ದನ್ನು "ಕಾಲು ಜಾರಿತು" ಅಂದಿದ್ದೆ. ಜಾರಿದ್ದಲ್ಲ. ಎಣ್ಣೆ ಹಚ್ಚಿಕೊಂಡು, ಹಂಡೆಯ ಕುದಿನೀರು ಬೆರೆಸಿ, ಹೊಗೆ ತುಂಬಿದ ಬಚ್ಚಲಲ್ಲಿ ನಿಂತೇ ತಲೆಗೆ ಹೊಯ್ದುಕೊಂಡೆ. ನಿಂತರೆ ನನ್ನ ರಕ್ತ ಕಾಲಿಗಿಳಿದು ನಿಲ್ಲುತ್ತದೆ, ಬಿಸಿನೀರಿಗೆ ರಕ್ತನಾಳ ಹಿಗ್ಗಿದರೆ ಇನ್ನೂ ಜಾಸ್ತಿ. ಕಿವಿಯಲ್ಲಿ ಜೀರುಂಡೆ ಕೂಗಿದಂತಾಯಿತು, ಹಂಡೆಯ ಅಂಚು ಕಪ್ಪಾಯಿತು, ಅಷ್ಟೇ ಗೊತ್ತು. ಹುಬ್ಬಿನ ಮೇಲಿನ ಗೆರೆ ಅದರದ್ದೇ. ಒಳಗಿನಿಂದ ಚಿಲಕ ಹಾಕಿದ್ದೆ, ಅಪ್ಪ ಬಾಗಿಲು ಮುರಿದು ಬಂದರು.

ಅದಕ್ಕೆ ಈಗ ಕುರ್ಚಿಯ ಮೇಲೆ ಕೂತು, ಉಗುರುಬೆಚ್ಚಗಿನ ನೀರಲ್ಲಿ, ದಿನ ಬಿಟ್ಟು ದಿನ ಸ್ನಾನ. ಚಿಲಕ ಹಾಕುವುದಿಲ್ಲ. ಬಾಗಿಲ ಮೇಲೆ ಕೆಂಪು ಟವೆಲ್ ಕಂಡರೆ ಒಳಗೆ ನಾನಿದ್ದೇನೆ ಅಂತ ತಿಳಿ. ಬಂದ ಮೇಲೆ ದಿಂಬಿನ ಮೇಲೆ ಕಾಲಿಟ್ಟು ಅರ್ಧ ಗಂಟೆ ಮಲಗುತ್ತೇನೆ, ಆಗ ಮಾತಾಡಿಸಬೇಡ. ದಿನಕ್ಕೆ ಇಷ್ಟು ನೀರು, ಇಷ್ಟು ಉಪ್ಪು ಅಂತ ಡಾಕ್ಟರು ಬರೆದಿದ್ದಾರೆ, ಚೊಂಬಿನ ಪಕ್ಕ ಚೀಟಿ ಇದೆ. ಅದು ನನಗೆ ಮಾತ್ರ. ಅಪ್ಪನಿಗೆ ಬಿಪಿ, ಅವರ ಲೋಟಕ್ಕೆ ಬೆರೆಸಿಬಿಟ್ಟೀಯೆ.

ಇನ್ನೊಂದು ಮಾತು. ಹೊಸದಾಗಿ ಎದೆನೋವು, ಜ್ವರ, ತೂಕ ಇಳಿಯುವುದು, ಏನೇ ಬಂದರೂ "ಇದೂ ಅದೇ ಸುಸ್ತು" ಅಂತ ನಾನೇ ತಳ್ಳಿಹಾಕಬಹುದು. ಈ ಕಾಯಿಲೆ ಇದ್ದವರಿಗೆ ಬೇರೆ ಕಾಯಿಲೆ ಬರಬಾರದು ಅಂತಿಲ್ಲ. ನಾನು ಬೇಡ ಅಂದರೂ ಕರೆದುಕೊಂಡು ಹೋಗು.

ನಿನ್ನ ಹತ್ತಿರ ಮುಖ್ಯವಾಗಿ ಕೇಳಬೇಕಾದ್ದು ಇದು. ನಾನು ಮಲಗಿದ್ದಾಗ ನೀವೆಲ್ಲ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೀರಿ! ನನಗೆ ಕಾವಲು ಬೇಕಾದದ್ದು ನಾನು ಚೆನ್ನಾಗಿರುವ ದಿನ. ಅವತ್ತು ನನಗೇ ನನ್ನ ಮೇಲೆ ಹತೋಟಿ ಇರುವುದಿಲ್ಲ. ಅಂಗಳ ಗುಡಿಸೋಣ, ಹಪ್ಪಳ ಒತ್ತೋಣ, ಎಲ್ಲ ಇವತ್ತೇ ಮುಗಿಸೋಣ ಅನ್ನಿಸುತ್ತದೆ. ಕೈಯಲ್ಲಿ ಶಕ್ತಿ ಇರುವಾಗಲೇ ಕೂತುಬಿಡುವುದು ಎಷ್ಟು ಕಷ್ಟ ಅಂತ ಹೇಳಲಾರೆ, ಬಾಯಾರಿದವಳು ಅರ್ಧ ಲೋಟಕ್ಕೆ ನಿಲ್ಲಿಸಿದ ಹಾಗೆ. ನನ್ನ ಕೈಗಡಿಯಾರ ನಾಡಿ ತೋರಿಸುತ್ತದೆ, ನನಗೆ ಹಾಕಿಕೊಟ್ಟ ಗೆರೆ 100. ಅದು ದಾಟಿದರೆ ಸೊಪ್ಪು ಅರ್ಧ ಹೆಚ್ಚಿದ್ದರೂ ಕತ್ತಿ ಕೆಳಗಿಡುತ್ತೇನೆ. ಹಾಗೆ ಇಟ್ಟಾಗ "ಇನ್ನೊಂಚೂರು ಅಮ್ಮಾ, ಚೆನ್ನಾಗೇ ಇದ್ದೀಯಲ್ಲ" ಅನ್ನಬೇಡ. ನೀನು ಅಂದರೆ ನಾನು ಮಾಡಿಬಿಡುತ್ತೇನೆ.

ಹಾಗಾಗಿ ಈ ಸಲ ಗದ್ದೆಗೆ ನಾನು ಬರುವುದಿಲ್ಲ. ಫೋನಿನಲ್ಲಿ ಅಂದ ಹೂಂ ವಾಪಸ್ ತಗೊಂಡೆ. ಅಡುಗೆಗೆ ಅತ್ತೆ ಮತ್ತು ಮೇಲಿನ ಮನೆಯವರು ಬರುತ್ತಾರೆ. ಬುಟ್ಟಿ ಮಾತ್ರ ನಮ್ಮಿಬ್ಬರದ್ದೇ. ಅಪ್ಪ ದರೆಯಿಂದ ಕೆಮ್ಮಣ್ಣು ತಂದು ಜರಡಿ ಹಿಡಿದಿಟ್ಟಿದ್ದಾರೆ, ಪುಂಡಿ ನಾರಿನ ಕುಂಚ ನಾನೇ ಕಟ್ಟಿದ್ದೇನೆ, ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವೇ. ಅಕ್ಕಿ ಹಿಟ್ಟಿನ ಬಿಳಿ ನೀನು ಅರೆ. ಮಂಚದ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತರೆ ಎಳೆ ಎಲ್ಲಿ ತಿರುಗಬೇಕು ಅಂತ ಮಲಗಿಯೇ ಹೇಳುತ್ತೇನೆ. ನಮ್ಮಮ್ಮ ನನಗೆ ಹೇಳಿಕೊಟ್ಟ ನಿಲಿ ಅನ್ನುವ ಚಿತ್ತಾರದ ಎಳೆ ನಿನಗಿನ್ನೂ ಬರುವುದಿಲ್ಲ. ಬೆಳಗಿನ ಜಾವ ಜಗುಲಿಯಲ್ಲಿ ಆರಾಮ ಕುರ್ಚಿ ಹಾಕಿಸಿಕೊಂಡಿರುತ್ತೇನೆ. ಅಲ್ಲಿಂದ ಕೆಳಗಿನ ಗದ್ದೆಯ ಅಂಚು ಕಾಣುತ್ತದೆ, ನಿನ್ನ ಟಾರ್ಚಿನ ಬೆಳಕೂ ಕಾಣುತ್ತದೆ. ಅಲ್ಲಿಂದ ಒಂದು ಸಲ ಜೋರಾಗಿ ಕೂಗು.

ಬರುವಾಗ ಓಆರ್‌ಎಸ್ ಹತ್ತು ಪ್ಯಾಕೆಟ್, ಮತ್ತೆ ತೊಡೆಯವರೆಗಿನ ಬಿಗಿ ಸಾಕ್ಸ್ ಒಂದು ಜೊತೆ ತಾ, ಹಳೆಯದು ಸಡಿಲಾಗಿದೆ. ಹುಣ್ಣಿಮೆಗೆ ಎರಡು ದಿನ ಮೊದಲೇ ಬಾ. ಕೆಮ್ಮಣ್ಣು ಬಳಿದ ಮೇಲೆ ಬುಟ್ಟಿ ಒಣಗಲು ಒಂದು ಬಿಸಿಲು ಬೇಕು, ಇಲ್ಲಿ ಮಧ್ಯಾಹ್ನದ ಮೇಲೆ ಇನ್ನೂ ಮೋಡ ಕಟ್ಟುತ್ತಿದೆ.

ಅಮ್ಮ