ರ‍್ಯಾಮ್ ಡಬ್ಬಿಯ ಮೇಲಿನ ಸಣ್ಣ ಅಂಕಿಗಳು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ, ಬಿಡಿಭಾಗಗಳನ್ನು ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳುವವರಿಗೆ ಕೊಟ್ಟ ಸಲಹೆಗಳನ್ನು ಓದಿದೆ. ಕ್ಯಾಬಿನೆಟ್ಟಿನ ಗಾಳಿ, ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ) ಆಯ್ಕೆ ಎಲ್ಲವನ್ನೂ ಚೆನ್ನಾಗಿ ವಿವರಿಸಿದ ಲೇಖಕರು, ಕೆಲಸದ ಹೊತ್ತಿನಲ್ಲಿ ದತ್ತಾಂಶವನ್ನು ಹಿಡಿದಿಡುವ ರ‍್ಯಾಮ್ ವಿಷಯವನ್ನು ಮಾತ್ರ ‘ವೇಗ ಹೆಚ್ಚಿದಷ್ಟೂ ಒಳ್ಳೆಯದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ವಿಜಯಪುರದಲ್ಲಿ ಕಂಪ್ಯೂಟರ್ ಜೋಡಣೆ, ದುರಸ್ತಿಯ ಅಂಗಡಿ ನಡೆಸುವ ನನಗೆ ಆ ಸಾಲು ಸುಮ್ಮನೆ ಬಿಡುವಂಥದ್ದಲ್ಲ ಎನಿಸಿತು. ಅದೇ ಮಾತನ್ನು ನಂಬಿ ದುಡ್ಡು ಸುರಿದವರು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ.

ಡಬ್ಬಿಯ ಮೇಲೆ 6000 ಅಥವಾ 6400 ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಮೆಗಾಹರ್ಟ್ಸ್ ಎಂದು ಎಲ್ಲರೂ ಕರೆದರೂ ಅದು ಸೆಕೆಂಡಿಗೆ ಎಷ್ಟು ದಶಲಕ್ಷ ಬಾರಿ ದತ್ತಾಂಶ ಸಾಗುತ್ತದೆ ಎಂಬ ಲೆಕ್ಕ. ಈ ಸಾಗಾಟಕ್ಕೆ ತಾಳ ಹಾಕುವ ಒಳಗಿನ ಗಡಿಯಾರದ ವೇಗ ಅದರ ಅರ್ಧದಷ್ಟೇ. ಅದರ ಕೆಳಗೆ ಸಣ್ಣಕ್ಷರದಲ್ಲಿ 30-38-38-96 ಎಂಬಂಥ ಅಂಕಿಗಳಿರುತ್ತವೆ. ಇವೇ ಟೈಮಿಂಗ್. ಮೊದಲನೆಯದನ್ನು ಸಿಎಲ್ ಎನ್ನುತ್ತಾರೆ: ಓದಲು ಆಜ್ಞೆ ಕೊಟ್ಟ ಮೇಲೆ ಮೊದಲ ದತ್ತಾಂಶ ಹೊರಬರಲು ಗಡಿಯಾರ ಎಷ್ಟು ಸಲ ಬಡಿಯಬೇಕು ಎಂಬ ಸಂಖ್ಯೆ. ಸಕ್ಕರೆ ಕಾರ್ಖಾನೆ ದಿನಕ್ಕೆ ಎಷ್ಟು ಟನ್ ನುರಿಸುತ್ತದೆ ಎಂಬುದು ಒಂದು ಲೆಕ್ಕ, ಕಬ್ಬು ಹೇರಿದ ಟ್ರ್ಯಾಕ್ಟರ್ ಗೇಟಿನ ಮುಂದೆ ಎಷ್ಟು ಹೊತ್ತು ಕಾಯುತ್ತದೆ ಎಂಬುದು ಬೇರೆಯೇ ಲೆಕ್ಕ. ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಈ ಕಾಯುವಿಕೆಯನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ಲೆಕ್ಕ ಹಾಕಬಹುದು. ಸಿಎಲ್ ಅನ್ನು 2000ದಿಂದ ಗುಣಿಸಿ, ಡಬ್ಬಿಯ ಮೇಲಿನ ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ನ್ಯಾನೋಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ) ಸಿಗುತ್ತದೆ. 6400ರ ಸಿಎಲ್ 40 ಕಿಟ್‌ಗೆ (ಜೊತೆಯಾಗಿ ಮಾರುವ ರ‍್ಯಾಮ್ ಕಡ್ಡಿಗಳಿಗೆ) 12.5. 6000ದ ಸಿಎಲ್ 30 ಕಿಟ್‌ಗೆ 10. ಇವು ಡಿಡಿಆರ್5 ತಲೆಮಾರಿನವು; ಅದಕ್ಕೂ ಹಿಂದಿನ ಡಿಡಿಆರ್4 ಕಾಲದ 3200 ಸಿಎಲ್ 16ಕ್ಕೂ ಅದೇ 10! ಎರಡು ಕಡ್ಡಿ ಹಾಕಿದಾಗ 6400 ಸೆಕೆಂಡಿಗೆ 102.4 ಗಿಗಾಬೈಟ್ ಸಾಗಿಸಬಲ್ಲದು, 6000 ಸಾಗಿಸುವುದು 96 ಎಂಬುದೂ ನಿಜವೇ. ದೊಡ್ಡ ಕಡತಗಳನ್ನು ಒಂದೇ ಸಮನೆ ಓದುವ ಕೆಲಸಕ್ಕೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿಗೆ ಈ ಹೆಚ್ಚುವರಿ ಉಪಯೋಗಕ್ಕೆ ಬರುತ್ತದೆ. ಆಟಗಳಲ್ಲಿ ಮಾತ್ರ ಕಾಯುವ ಹೊತ್ತಿನದೇ ಹೆಚ್ಚಿನ ಮಾತು.

ಎಎಂಡಿ ಕಂಪನಿಯ ರೈಜೆನ್ 7000 ಸರಣಿಯ ಪ್ರೊಸೆಸರ್‌ಗಳಲ್ಲಿ ಇನ್ನೊಂದು ತೊಡಕಿದೆ. ರ‍್ಯಾಮ್ ಗಡಿಯಾರ, ಪ್ರೊಸೆಸರಿನೊಳಗಿನ ಮೆಮೊರಿ ನಿಯಂತ್ರಕ ಇವೆರಡೂ ಸಮವೇಗದಲ್ಲಿ ಓಡಿದರೆ ಚೆನ್ನ. 6000ದವರೆಗೆ ಸಾಮಾನ್ಯವಾಗಿ ಇದಕ್ಕೆ ಅಡ್ಡಿಯಿಲ್ಲ. ಅಧಿಕೃತ ವೇಗವನ್ನು ಮೀರಿ ಓಡಿಸುವವರಿಗೆ ಕಂಪನಿ ಸೂಚಿಸಿದ ವೇಗವೂ ಅದೇ. 6400ರಲ್ಲಿ ಕೆಲವು ಪ್ರೊಸೆಸರ್‌ಗಳು ತಡೆದುಕೊಳ್ಳುತ್ತವೆ, ಕೆಲವು ಇಲ್ಲ. ಅದನ್ನೂ ಮೀರಿ ಹೋದರೆ ಮದರ್‌ಬೋರ್ಡ್ ನಿಯಂತ್ರಕವನ್ನು ತಾನೇ ಅರ್ಧ ವೇಗಕ್ಕೆ ಇಳಿಸುತ್ತದೆ. ಪರದೆಯ ಮೇಲಿನ ಅಂಕಿ ಏರುತ್ತದೆ, ಕಂಪ್ಯೂಟರ್ ನಿಧಾನವಾಗುತ್ತದೆ. ಇದನ್ನು ತಪ್ಪಿಸಲು ಎಸ್‌ಓಸಿ ವೋಲ್ಟೇಜ್ (ಆ ನಿಯಂತ್ರಕವಿರುವ ಭಾಗಕ್ಕೆ ಕೊಡುವ ವಿದ್ಯುತ್ ಒತ್ತಡ) ಏರಿಸುತ್ತ ಹೋಗುವವರಿದ್ದಾರೆ. ಪ್ರೊಸೆಸರ್‌ಗಳು ಸುಟ್ಟ ಮೇಲೆ 2023ರಲ್ಲಿ ಎಎಂಡಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿತು ಎಂಬುದು ಅವರ ನೆನಪಿನಲ್ಲಿರಲಿ.

ಇಷ್ಟೆಲ್ಲ ನೋಡಿ ಕೊಂಡ ರ‍್ಯಾಮ್ ಅದೇ ವೇಗದಲ್ಲಿ ಓಡುತ್ತಿದೆಯೇ ಎಂದು ನೋಡುವವರು ಕಡಿಮೆ. ಬಯೋಸ್‌ಗೆ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪರದೆಗೆ) ಹೋಗಿ, ಡಬ್ಬಿಯ ಮೇಲಿನ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡದಿದ್ದರೆ ಬಹಳಷ್ಟು ಕಿಟ್‌ಗಳು ಕೆಳಗಿನ ವೇಗದಲ್ಲೇ ಉಳಿಯುತ್ತವೆ. ಇಂಟೆಲ್‌ನ ಎಚ್610 ಚಿಪ್‌ಸೆಟ್ ಇರುವ ಮದರ್‌ಬೋರ್ಡಿನಲ್ಲಿ 12ನೇ ತಲೆಮಾರಿನ ಪ್ರೊಸೆಸರ್ ಇಟ್ಟುಕೊಂಡು 6000ದ ಕಿಟ್ ಕೊಂಡರೆ ಅದು 4800ರಲ್ಲೇ ಓಡುತ್ತದೆ. ಆ ಚಿಪ್‌ಸೆಟ್ ಮೆಮೊರಿ ಓವರ್‌ಕ್ಲಾಕಿಂಗ್‌ಗೆ, ಅಂದರೆ ಅಧಿಕೃತ ವೇಗ ಮೀರಿ ಓಡಿಸಲು, ಅವಕಾಶವನ್ನೇ ಕೊಡುವುದಿಲ್ಲ. ರೈಜೆನ್ 7000ದಲ್ಲಿ ಎರಡು ಕಡ್ಡಿಗೆ ಅಧಿಕೃತ ವೇಗ 5200 ಇದ್ದದ್ದು ನಾಲ್ಕು ಕಡ್ಡಿ ಹಾಕಿದರೆ 3600ಕ್ಕೆ ಇಳಿಯುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ. ಗೊತ್ತಿದ್ದೂ ಹೇಳದವರು ಎಷ್ಟು ಜನ, ಗೊತ್ತೇ ಇಲ್ಲದವರು ಎಷ್ಟು ಜನ ಎಂಬ ಚರ್ಚೆ ಇಲ್ಲಿ ಬೇಡ.

ಈಗ ನಮ್ಮ ಊರಿನ ಬಿಸಿಲಿನ ಮಾತು. ಮದುವೆ ವಿಡಿಯೊ ಎಡಿಟ್ ಮಾಡುವ ಸಿಂದಗಿ ಕಡೆಯ ಹುಡುಗನೊಬ್ಬ ಕಳೆದ ಬೇಸಿಗೆಯಲ್ಲಿ ಕಂಪ್ಯೂಟರ್ ಹೊತ್ತು ತಂದ. ರಾತ್ರಿ ಎಕ್ಸ್‌ಪೋರ್ಟ್‌ಗೆ (ಎಡಿಟ್ ಆದ ವಿಡಿಯೊವನ್ನು ಕಡತವಾಗಿ ತೆಗೆಯಲು) ಇಟ್ಟರೆ ಸರಾಗವಾಗಿ ಮುಗಿಯುತ್ತದೆ, ಮಧ್ಯಾಹ್ನ ಇಟ್ಟರೆ ನಡುವೆಯೇ ನಿಲ್ಲುತ್ತದೆ ಎಂಬುದು ಅವನ ದೂರು. ವಿಂಡೋಸ್ ಮತ್ತೆ ಹಾಕಿದ್ದ, ಎಸ್‌ಎಸ್‌ಡಿ ಬದಲಿಸಿದ್ದ. ಬೆಳಗ್ಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಿಸಿದರೆ ಒಂದೂ ದೋಷವಿಲ್ಲ. ಮಧ್ಯಾಹ್ನ, ಅಂಗಡಿಯ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿದ್ದಾಗ, ಅದೇ ಪರೀಕ್ಷೆಯಲ್ಲಿ ದೋಷಗಳ ಸಾಲೇ ಬಂತು. ಬಯೋಸ್ ತೆರೆದರೆ ಅವನ ಗೆಳೆಯ ಯಾವುದೋ ವಿಡಿಯೊ ನೋಡಿ ಮಾಡಿದ ಘನಕಾರ್ಯ ಕಾಣಿಸಿತು: ವೇಗ 6400, ಸಿಎಲ್ 30, ಟಿಆರ್‌ಇಎಫ್‌ಐ 65535.

ಕೊನೆಯ ಅಂಕಿಯೇ ಕಾರಣ. ರ‍್ಯಾಮ್‌ನಲ್ಲಿ ಒಂದೊಂದು ಬಿಟ್ ಕೂಡ ಒಂದು ಪುಟ್ಟ ಕೆಪಾಸಿಟರ್‌ನಲ್ಲಿರುವ ವಿದ್ಯುದಂಶ. ಅದು ಸೋರುತ್ತಿರುತ್ತದೆ, ಮತ್ತೆ ಮತ್ತೆ ತುಂಬಬೇಕು. ಹಾಗೆ ತುಂಬುವ ಎರಡು ಮರುಪೂರಣ ಆಜ್ಞೆಗಳ ನಡುವಿನ ಅಂತರವೇ ಟಿಆರ್‌ಇಎಫ್‌ಐ. ಡಿಡಿಆರ್5ರಲ್ಲಿ ಅದು ಸಾಮಾನ್ಯವಾಗಿ 3.9 ಮೈಕ್ರೋಸೆಕೆಂಡ್. ಗೆಳೆಯ ಅದನ್ನು 20ರ ಆಚೆಗೆ ಎಳೆದಿದ್ದ. ಬಿಸಿ ಏರಿದಂತೆ ಸೋರಿಕೆಯೂ ಏರುತ್ತದೆ. ಏಸಿ ಕೋಣೆಯಲ್ಲಿ ಕುಳಿತು ವಿಡಿಯೊ ಮಾಡಿದವನಿಗೆ ನಡೆದದ್ದು, 40 ಡಿಗ್ರಿ ದಾಟುವ ನಮ್ಮ ಏಪ್ರಿಲ್‌ನಲ್ಲಿ, ಅದೂ ಗ್ರಾಫಿಕ್ಸ್ ಕಾರ್ಡಿನ ಬಿಸಿ ಬಡಿಯುವ ಜಾಗದಲ್ಲಿ ನಡೆಯಲಿಲ್ಲ. ಟಿಆರ್‌ಇಎಫ್‌ಐ ಅನ್ನು ‘ಆಟೊ’ಗೆ ಮರಳಿಸಿ, 6000 ಸಿಎಲ್ 30ಕ್ಕೆ ಇಳಿಸಿ, ಮಧ್ಯಾಹ್ನವೇ ಮತ್ತೆ ಪರೀಕ್ಷಿಸಿದೆ. ದೋಷ ಬರಲಿಲ್ಲ.

ಎಕ್ಸ್‌ಪೋರ್ಟ್ ನಿಂತರೆ ಗೊತ್ತಾದರೂ ಆಗುತ್ತದೆ. ನಿಲ್ಲದೆ, ತಪ್ಪಿದ ಬಿಟ್ ಹಾಗೆಯೇ ಡಿಸ್ಕ್‌ಗೆ ಬರೆದುಕೊಂಡರೆ ಯಾರದೋ ಮದುವೆಯ ಚಿತ್ರದ ಅರ್ಧ ಭಾಗ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಡಿಡಿಆರ್5 ಚಿಪ್‌ಗಳೊಳಗೆ ದೋಷ ತಿದ್ದುವ ವ್ಯವಸ್ಥೆ ಇದೆಯಲ್ಲ ಎನ್ನುವವರಿಗೆ ಉತ್ತರ: ಅದು ಚಿಪ್ಪಿನೊಳಗೆ ಮಾತ್ರ, ಅಲ್ಲಿಂದ ಪ್ರೊಸೆಸರಿನವರೆಗಿನ ದಾರಿಯಲ್ಲಿ ಅದರ ಕಾವಲಿಲ್ಲ.

ಇನ್ನೊಂದು ಸಣ್ಣ ವಿಷಯ. ಡಿಡಿಆರ್5 ಬೋರ್ಡು ಮೊದಲ ಸಲ ಆನ್ ಆದಾಗ, ವೇಗ ಬದಲಿಸಿದಾಗ, ರ‍್ಯಾಮ್‌ನೊಂದಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಸುಟ್ಟುಹೋಯಿತೆಂದು ಗಾಬರಿಯಿಂದ ಸ್ವಿಚ್ ಆರಿಸಿ, ಆಟೋದಲ್ಲಿ ಹೇರಿಕೊಂಡು ನನ್ನಲ್ಲಿಗೆ ಬರಬೇಡಿ.

ಲೇಖಕರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಕಂತಿನಲ್ಲಿ ಆ 2000ದ ಸೂತ್ರವನ್ನು ಒಂದು ಚೌಕಟ್ಟಿನಲ್ಲಿ ಹಾಕಿ. ಕೊಳ್ಳುವವರು ಬಿಲ್ಲಿನಲ್ಲಿ ‘ರ‍್ಯಾಮ್ 32 ಜಿಬಿ’ ಎಂದಷ್ಟೇ ಬರೆಸಿಕೊಳ್ಳದೆ ವೇಗ, ನಾಲ್ಕೂ ಟೈಮಿಂಗ್, ವೋಲ್ಟೇಜ್ ಬರೆಸಿಕೊಳ್ಳಲಿ. ಅಂಗಡಿಯವರ ಎದುರೇ ಕಂಪ್ಯೂಟರ್ ಆನ್ ಮಾಡಿಸಿ, ಅದೇ ಅಂಕಿ ಬಯೋಸ್‌ನಲ್ಲಿ ಕಂಡ ಮೇಲೆ ಹಣ ಕೊಡಲಿ.

— ಕಂಪ್ಯೂಟರ್ ದುರಸ್ತಿಗಾರ, ವಿಜಯಪುರ