ಮೊನಾಲಿಸಾ ಜೊತೆ ನಮ್ಮ ಚಿತ್ತಾರ ಬರೆಯೋರ ಹೆಸರೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಯಲ್ಲಿ ಮೊನಾಲಿಸಾ ಕಳುವಾದ ಕತೆ ಹಾಕಿದ್ರಲ್ಲ, ನಮ್ಮನೇಲಿ ಎಲ್ರೂ ಓದಿದ್ವಿ. 1911ರ ಆಗಸ್ಟ್ 21, ಸೋಮವಾರ, ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ರಜೆ, ಅಲ್ಲೇ ಮೊದಲು ಕೆಲಸ ಮಾಡಿದ್ದ ಪೆರೂಜಿಯಾ ಅನ್ನೋ ಇಟಲಿಯವನು ಚಿತ್ರ ಇಳಿಸಿ ಫ್ರೇಮ್ ಕಳಚಿಟ್ಟು ತಗೊಂಡು ಹೋಗ್ಬಿಟ್ಟ, ಮಾರನೇ ದಿನ ಒಬ್ಬ ಚಿತ್ರ ಕಲಾವಿದ ಬಂದು ಚಿತ್ರ ಎಲ್ಲಿ ಅಂತ ಕೇಳೋವರೆಗೂ ಅಲ್ಲಿನ ಸಿಬ್ಬಂದಿ ಫೋಟೋ ತೆಗೆಯೋಕೆ ಒಯ್ದಿರ್ಬೇಕು ಅಂದ್ಕೊಂಡಿದ್ರು. ಹೆಸರಾಂತ ಚಿತ್ರಕಾರ ಪಿಕಾಸೊನೂ ವಿಚಾರಣೆಗೆ ಹೋಗಿಬರಬೇಕಾಯ್ತು. ಕೊನೆಗೆ 1913ರ ಡಿಸೆಂಬರ್‌ನಲ್ಲಿ ಪೆರೂಜಿಯಾ ಇಟಲಿಯ ಫ್ಲಾರೆನ್ಸ್‌ನಲ್ಲಿ ಅದನ್ನ ಮಾರೋಕೆ ಹೋಗಿ ಸಿಕ್ಕಿಬಿದ್ದ.

ನಿಮ್ಮ ಲೇಖನದಲ್ಲಿ ಒಂದು ವಿಷಯ ಬೇಗ ಮುಗಿದು ಹೋಯ್ತು ಅನ್ನಿಸ್ತು. ಕಳ್ಳತನಕ್ಕೆ ಮುಂಚೆ ಆ ಚಿತ್ರ ಗೊತ್ತಿದ್ದಿದ್ದು ಹೆಚ್ಚಾಗಿ ಕಲೆ ಬಲ್ಲವರಿಗೆ, ಮನೆಮನೆಗೆ ಮುಟ್ಟಿಸಿದ್ದು ಪೇಪರ್‌ನವರು! ಮುಖಪುಟದಲ್ಲಿ ಅವಳ ಫೋಟೋ ಹಾಕಿದ್ದೇ ಹಾಕಿದ್ದು, ಮ್ಯೂಸಿಯಂ ಮತ್ತೆ ತೆಗೆದಾಗ ಬರೀ ಖಾಲಿ ಗೋಡೆ ನೋಡೋಕೆ ಜನ ಸಾಲು ನಿಂತ್ರಂತೆ. ಪತ್ರಿಕೆಗೆ ಅಷ್ಟು ಶಕ್ತಿ ಇದೆ ಅಂದ್ಮೇಲೆ ನಾನು ಶಿವಮೊಗ್ಗದ ಸಾಗರ ಕಡೆಯವಳಾಗಿ ಒಂದು ಮಾತು ಕೇಳಲೇಬೇಕು.

ನಮ್ಮ ಕಡೆ ದೀವರು ಸಮುದಾಯದ ಮನೆಗಳಲ್ಲಿ ಹೆಂಗಸರು ಗೋಡೆ, ಬುಟ್ಟಿ ಮೇಲೆ ಗೆರೆಗಳಲ್ಲಿ ಬರೆಯೋ ಹಸೆ ಚಿತ್ತಾರ ನಿಮಗೆ ಗೊತ್ತೇ ಇದೆ. ಭೂಮಿತಾಯಿಗೆ ಪೂಜೆ ಮಾಡೋ ಹಬ್ಬ ಭೂಮಿ ಹುಣ್ಣಿಮೆ ಹತ್ರ ಬಂದಾಗ ಒಮ್ಮೆ ಹಳ್ಳಿ ಕಡೆ ಬಂದು ಭೂಮಣ್ಣಿ ಬುಟ್ಟಿ ತಯಾರಾಗೋದನ್ನ ಪಕ್ಕದಲ್ಲೇ ಕೂತು ನೋಡಿ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅದು ಒಣಗಿದ ಮೇಲೆ ನೆನೆಸಿ ರುಬ್ಬಿದ ಅಕ್ಕಿ ಹಿಟ್ಟಲ್ಲಿ ಪುಂಡಿ ನಾರು ಅದ್ದಿ ಎಳೆ ಎಳೀತಾರೆ. ಕಪ್ಪು ಬೇಕಂದ್ರೆ ಅಕ್ಕಿನ ಕರ್ರಗೆ ಹುರೀತಾರೆ, ಹಳದಿಗೆ ಗುರಿಗೆ ಕಾಯಿ. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತಿಲ್ಲ, ನಾರಿನ ತುದಿ ಬುಟ್ಟಿಯ ಉಬ್ಬುತಗ್ಗಿನ ಮೇಲೆ ಹಾದು ಹೋದ್ರೂ ಗೆರೆ ಅಲುಗಲ್ಲ, ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು, ಮಧ್ಯದ ಜಾಗ ಎಲ್ಲೂ ಹೆಚ್ಚುಕಮ್ಮಿ ಇಲ್ಲ. ಹುಣ್ಣಿಮೆ ದಿನ ಬೆಳಕು ಹರಿಯೋ ಮುಂಚೆ ಅದೇ ಬುಟ್ಟೀಲಿ ಅಡುಗೆ ತುಂಬ್ಕೊಂಡು ಗದ್ದೆಗೆ ಹೋಗ್ತಾರೆ. ಮದುವೆ ಮನೆ ಗೋಡೆ ಮೇಲಿನ ಚಿತ್ತಾರ ಇನ್ನೂ ದೊಡ್ಡದು, ಆದ್ರೆ ಮಣ್ಣಿನ ಗೋಡೆ ಕೆಡವಿ ಸಿಮೆಂಟ್ ಮಾಡಿಸಿದ ದಿನ ಅದೂ ಹೋಯ್ತು, ಕಳ್ಳ ಬರಬೇಕು ಅಂತೇನಿಲ್ಲ.

ಇಷ್ಟೆಲ್ಲ ಬರೆಯೋರ ಹೆಸರು ಮಾತ್ರ ಕಾಣೋದೇ ಅಪರೂಪ. ಕ್ಯಾಲೆಂಡರ್ ನೋಡಿ, ಆಫೀಸ್ ಕಾಂಪೌಂಡ್ ನೋಡಿ, ಪೇಪರ್ ಫೋಟೋ ನೋಡಿ, ಕೆಳಗೆ ‘ಮಲೆನಾಡಿನ ಹಸೆ ಚಿತ್ತಾರ’ ಅಂತಷ್ಟೇ ಇರುತ್ತೆ. ಲಿಯೊನಾರ್ಡೊ ಹೆಸರು ಬಿಟ್ಟು ಮೊನಾಲಿಸಾ ಫೋಟೋ ಯಾರಾದ್ರೂ ಹಾಕ್ತಾರಾ? ನಂಗೆ ಇದು ನಿಜವಾಗ್ಲೂ ತುಂಬಾ ಬೇಜಾರಿನ ಸಂಗತಿ, ಯಾಕಂದ್ರೆ ಈ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಈಗ ವಯಸ್ಸಾಗಿದೆ, ಯಾವ ಗೆರೆ ಯಾಕೆ ಅಂತ ಕೇಳಿದ್ರೆ ಹೇಳೋರು ಅವ್ರೇ.

ಅದಕ್ಕೆ ನನ್ನ ಕೋರಿಕೆ ಇಷ್ಟೇ. ಈ ಸಲದ ಭೂಮಿ ಹುಣ್ಣಿಮೆಗೆ ನಿಮ್ಮ ವರದಿಗಾರರನ್ನ ಸಾಗರ, ಸೊರಬ ಕಡೆ ಕಳಿಸಿ, ಬರೆದವರನ್ನ ಮಾತಾಡಿಸಿ, ಅವರು ಒಪ್ಪಿದ್ರೆ ಫೋಟೋ ಕೆಳಗೆ ಅವರ ಹೆಸರು, ಊರು, ಯಾರ ಹತ್ರ ಕಲಿತ್ರು ಅನ್ನೋದನ್ನ ಹಾಕಿ. ಮೊನಾಲಿಸಾಗೆ ಕೊಟ್ಟ ಅದೇ ಅರ್ಧ ಪುಟ ಸಾಕು.

– ಒಬ್ಬ ಓದುಗಿ, ಸಾಗರ, ಶಿವಮೊಗ್ಗ ಜಿಲ್ಲೆ